ಒಂದೇ ಕೋಣೆ, ಹಲವು ಮಕ್ಕಳು

ಜಾತ್ರೆಯಲ್ಲಿ ನಿಮ್ಮಲ್ಲಿ ಕೆಲವರು ನನ್ನನ್ನು ತಡೆದು, “ಶಾಸ್ತ್ರಿಗಳೇ, ಶಾಲೆಯಲ್ಲಿ ಅ ಆ ಇ ಈ ಬಿಟ್ಟು ರ ಗ ಸ ದ ಅ ಎಂದು ಕಲಿಸಿದರಲ್ಲ, ಇದೆಂಥ ವಿದ್ಯೆ?” ಎಂದು ಕೇಳಿದಿರಿ. ಮೊದಲು ನಾನೂ ಹಾಗೆಯೇ ಆಕ್ಷೇಪಿಸಿದವನು.

ಈ ಕ್ರಮಕ್ಕೆ ನಲಿ-ಕಲಿಯೆಂದು ಹೆಸರು. ಮದನಪಲ್ಲಿಯ ಸಮೀಪದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದ ಹೆಗ್ಗಡದೇವನಕೋಟೆಯ ಉಪಾಧ್ಯಾಯರು 1995ರಲ್ಲಿ ಇದನ್ನು ಆರಂಭಿಸಿದರು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಎರಡು ತರಗತಿಗಳಿಗೆ, ಬಳಿಕ ಮೂರನೆಯದಕ್ಕೂ ಹಬ್ಬಿತು. ಪಾಠವನ್ನು ಚಿಕ್ಕಚಿಕ್ಕ ಕಾರ್ಡುಗಳಾಗಿ ಒಡೆದು ಏಣಿಯ ಮೆಟ್ಟಿಲುಗಳಂತೆ ಜೋಡಿಸಿರುತ್ತಾರೆ. ಕೆಲವು ಮಕ್ಕಳು ಗುರುವಿನ ಬಳಿ, ಕೆಲವರು ಗೆಳೆಯರೊಡನೆ, ಕೆಲವರು ತಾವೇ ಕುಳಿತು ಕಲಿಯುತ್ತಾರೆ. ಮಳೆ ಕೈಕೊಟ್ಟ ವರ್ಷ ಜಗಳೂರಿನ ಕಡೆಯಿಂದ ತಾಯಿತಂದೆಯರೊಡನೆ ಕೂಲಿಗೆ ಹೋದ ಮಗು, ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಇನ್ನು ಅಕ್ಷರದ ಮಾತು: ಆ ಐದೇ ಅಕ್ಷರಗಳಿಂದ ಮಗುವು ಸರ, ಅರಸ, ಗರಗಸ ಎಂದು ಓದಬಲ್ಲದು. ಕಂಠ, ತಾಲುಗಳ ಸ್ಥಾನವನ್ನು ಅನುಸರಿಸಿದ ವರ್ಣಮಾಲೆ ವೈಯಾಕರಣರ ಕ್ರಮ; ಅದನ್ನು ಆಮೇಲೆ ಕಲಿತರೆ ನಷ್ಟವೇನು?

ವಿಚಾರಿಸಿದರೆ ಇದು ನಮಗೆ ಹೊಸತೂ ಅಲ್ಲ. ನಮ್ಮ ಪಾಠಶಾಲೆಯಲ್ಲಿ ತರಗತಿಗಳೆಲ್ಲಿದ್ದವು? ನಿನ್ನೆಯ ಅಮರದ ಶ್ಲೋಕ ಒಪ್ಪಿಸಿದವನಿಗೆ ಹೊಸ ಪಾಠ, ಒಪ್ಪಿಸಲಾರದವನಿಗೆ ಹಳೆಯದೇ. ಐಗಳ ಮಠದಲ್ಲಿ ದೊಡ್ಡ ಹುಡುಗರು ಚಿಕ್ಕವರ ಕೈಹಿಡಿದು ಮರಳಿನಲ್ಲಿ ತಿದ್ದಿಸುತ್ತಿದ್ದರು. ಮದರಾಸಿನಲ್ಲಿ ಇಂಥದೇ ರೂಢಿಯನ್ನು ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಅದನ್ನು ಇಂಗ್ಲೆಂಡಿಗೆ ಒಯ್ದು 1797ರಲ್ಲಿ ಅದರ ಮೇಲೆ ಪುಸ್ತಕ ಪ್ರಕಟಿಸಿದನು. ಆದರೆ ನಾವು ಅಳೆಯುತ್ತಿದ್ದುದು ಜ್ಞಾಪಕಶಕ್ತಿಯೊಂದನ್ನೇ.

ಇದನ್ನು ನನ್ನ ತಪ್ಪಿನಿಂದಲೇ ತಿಳಿದೆನು. ಇಪ್ಪತ್ತೈದು ವರ್ಷಗಳ ಹಿಂದೆ, ನಾನು ಪಾಠ ಹೇಳುತ್ತಿದ್ದ ಪಾಠಶಾಲೆಯೊಂದಕ್ಕೆ ನ್ಯಾಮತಿಯ ಕಡೆಯ ತಾಂಡಾದಿಂದ ಬಾಲಕನೊಬ್ಬನು ಬಂದನು. ಏನು ಕೇಳಿದರೂ ಮೌನ. ಜಡನೆಂದು ಬಗೆದು ಹಿಂದಿನ ಸಾಲಿನಲ್ಲಿ ಕೂರಿಸಿದೆನು. ದಸರೆಯ ರಜೆಗೆ ಹೋದವನು ಮರಳಲಿಲ್ಲ. ಮುಂದೆ ಸಂತೆಯಲ್ಲಿ ಸಿಕ್ಕ ಅವನ ತಂದೆ ಹೇಳಿದ ಮೇಲೆ, ಮನೆಯಲ್ಲಿ ಲಂಬಾಣಿಯನ್ನಷ್ಟೇ ಆಡುತ್ತಿದ್ದ ಅವನಿಗೆ ನನ್ನ ಗ್ರಾಂಥಿಕ ಕನ್ನಡವೇ ತಿಳಿಯುತ್ತಿರಲಿಲ್ಲವೆಂದು ಗೊತ್ತಾಯಿತು. ಅಡಕೆಯ ಲೆಕ್ಕವನ್ನು ಬಾಯಲ್ಲೇ ಹೇಳುವುದರಲ್ಲಿ ಹುಡುಗನು ದೊಡ್ಡವರನ್ನು ಮೀರಿಸುತ್ತಿದ್ದನಂತೆ. ನಾನು ಅವನನ್ನು ಒಂದು ಲೆಕ್ಕವನ್ನೂ ಕೇಳಿರಲಿಲ್ಲ. ಷಟ್‌ಸ್ಥಲದ ಮೆಟ್ಟಿಲುಗಳನ್ನು ಪ್ರತಿದಿನ ವಿವರಿಸುತ್ತಿದ್ದವನಿಗೆ, ಎದುರಿಗೆ ಕುಳಿತ ಶಿಷ್ಯನು ಯಾವ ಮೆಟ್ಟಿಲಿನಲ್ಲಿರುವನೆಂಬ ವಿಚಾರವೇ ಹುಟ್ಟಲಿಲ್ಲ.

ನಲಿ-ಕಲಿಯಲ್ಲಿ ದೋಷಗಳಿಲ್ಲವೆಂದು ಹೇಳಲಾರೆ. ಮೂರು ತರಗತಿಗಳಿಗೆ ಒಬ್ಬರೇ ಉಪಾಧ್ಯಾಯರಿದ್ದು ಕಾರ್ಡುಗಳೂ ಹರಿದಿದ್ದರೆ, ಏಣಿ ಗೋಡೆಯ ಚಿತ್ರವಾಗಿ ಉಳಿಯುತ್ತದೆ. ಏಣಿಗೆ ಒಗ್ಗಿದ ಮಗುವು ನಾಲ್ಕನೆಯ ತರಗತಿಯಲ್ಲಿ ಪಠ್ಯಪುಸ್ತಕದ ಮುಂದೆ ತಡವರಿಸುವುದೂ ಉಂಟು. ಆದುದರಿಂದ ಅಕ್ಷರ ಬಲ್ಲ ತಾಂಡಾದ ತರುಣರು ಮುಂಜಾನೆ ಒಂದು ಗಳಿಗೆ ಚಿಕ್ಕವರೊಡನೆ ಕುಳಿತು, ಲಂಬಾಣಿಯಲ್ಲಿ ಕಥೆ ಹೇಳಿ ಅದನ್ನೇ ಕನ್ನಡದಲ್ಲಿ ಹೇಳಿಸಲಿ. ಸಮೀಪದ ಮಕ್ಕಳಿಗಾಗಿ ಮಠದ ದಾಸೋಹದ ಪಕ್ಕದ ಪಡಸಾಲೆಯನ್ನು ಬಿಟ್ಟುಕೊಡಲು ಶ್ರೀಗಳವರು ಅಪ್ಪಣೆ ದಯಪಾಲಿಸಬೇಕೆಂದು ಬೇಡುತ್ತೇನೆ. ಚಾಪೆ, ಹಲಗೆ, ಬಳಪಗಳನ್ನು ಒದಗಿಸುವ ಭಕ್ತರು ಪ್ರಸಾದದ ನಂತರ ನನ್ನನ್ನು ಕಾಣಬಹುದು.