ಮಿಂಚು ಹೊಡೆಸಿದರೆ ಕಸ ಕರಗೀತೇ?

ಸಾಂಟಾ ಕ್ಲಾರಾದಲ್ಲಿ ಬೆಳೆದ ನಿಮಗೆ ಪ್ಲಾಸ್ಮಾ ಹೊಸ ಪದವೇನಲ್ಲ. ಇದೇ ಊರಿನ ಅಪ್ಲೈಡ್ ಮೆಟೀರಿಯಲ್ಸ್ ಕಂಪನಿ, ಪ್ಲಾಸ್ಮಾದಿಂದ ಚಿಪ್ ಕೊರೆಯುವ ಯಂತ್ರಗಳನ್ನು ಮಾಡುತ್ತದೆ. ನಿಮ್ಮಲ್ಲಿ ಕೆಲವರ ಅಪ್ಪ ಅಮ್ಮಂದಿರಿಗೆ ಅದೇ ಕೆಲಸವಿದ್ದೀತು. ಅನಿಲಕ್ಕೆ ವಿದ್ಯುತ್ ಹಾಯಿಸಿ ಅದರ ಎಲೆಕ್ಟ್ರಾನುಗಳನ್ನು ಬಿಡಿಸಿದರೆ ಪ್ಲಾಸ್ಮಾ. ಆಕಾಶದ ಮಿಂಚೂ ಅದೇ. ಆ ಮಿಂಚನ್ನು ಕಸಕ್ಕೆ ಹೊಡೆಸಿದರೆ ಏನಾಗುತ್ತದೆ, ಇವತ್ತು ನೋಡೋಣ.

ಮುಚ್ಚಿದ ಕುಲುಮೆಗೆ ಕಸ ತುಂಬಿ, ಗಾಳಿಯನ್ನು ಬೇಕೆಂದೇ ಕಡಿಮೆ ಬಿಡುತ್ತಾರೆ. ಪ್ಲಾಸ್ಮಾ ಟಾರ್ಚಿನ ಶಾಖ 5000 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಪ್ಲಾಸ್ಟಿಕ್, ಬಟ್ಟೆ, ಕಾಗದ ಅಲ್ಲಿ ಪೂರ್ತಿ ಉರಿಯುವುದಿಲ್ಲ, ಒಡೆಯುತ್ತವೆ. ಹುಟ್ಟುವುದು ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಇರುವ ಸಿನ್‌ಗ್ಯಾಸ್. ಅದನ್ನು ಶುದ್ಧಮಾಡಿ ಎಂಜಿನ್ನಿಗೆ ಕೊಟ್ಟರೆ ವಿದ್ಯುತ್. ಮಣ್ಣು, ಗಾಜು ಕರಗಿ, ತಣಿದ ಮೇಲೆ ಗಾಜಿನಂಥ ಕಲ್ಲಾಗುತ್ತವೆ.

ಕೇಳಲಿಕ್ಕೆ ಸೊಗಸಾಗಿದೆ. ಈಗ ಬೆಂಗಳೂರಿನ ಕಸ ನೆನೆಸಿಕೊಳ್ಳಿ: ಉಳಿದ ಅನ್ನ ಸಾರು, ತರಕಾರಿ ಸಿಪ್ಪೆ, ಬಾಳೆಲೆ, ಎಳನೀರಿನ ಬುರುಡೆ. ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಒಂದು ಟನ್ ಕಸದಲ್ಲಿ ಅರ್ಧ ಟನ್ ನೀರಿದ್ದರೆ, ಅದನ್ನು ಆವಿ ಮಾಡುವುದಕ್ಕೇ ಸುಮಾರು 350 ಯೂನಿಟ್ಟಿನಷ್ಟು ಶಾಖ ಬೇಕು. ಟಾರ್ಚು ತಿನ್ನುವ ವಿದ್ಯುತ್ ಬೇರೆ. ಕೊನೆಗೆ ಉಳಿಯುವುದೆಷ್ಟು? ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ ನಿಮ್ಮ ಅಜ್ಜಿಯನ್ನು ಕೇಳಿ, ಹೇಳುತ್ತಾರೆ.

ಇಂಗ್ಲೆಂಡಿನ ಟೀಸ್ ವ್ಯಾಲಿಯಲ್ಲಿ ಏರ್ ಪ್ರಾಡಕ್ಟ್ಸ್ ಎಂಬ ಅಮೆರಿಕನ್ ಕಂಪನಿ ಇಂಥ ಎರಡು ಸ್ಥಾವರಗಳಿಗೆ ಕೈಹಾಕಿ 2016ರಲ್ಲಿ ಬಿಟ್ಟುಬಿಟ್ಟಿತು. ನಷ್ಟ ಸುಮಾರು 100 ಕೋಟಿ ಡಾಲರ್. ಹಾಗೆಂದು ವಿಜ್ಞಾನ ಸುಳ್ಳಲ್ಲ. ಆಸ್ಪತ್ರೆಯ ಕಸ, ಕಾರ್ಖಾನೆಯ ವಿಷ, ಇಂಥವಕ್ಕೆ ಪ್ಲಾಸ್ಮಾ ಒಪ್ಪುತ್ತದೆ ಎಂದೇ ನನ್ನ ಅಭಿಪ್ರಾಯ. ಅಲ್ಲಿ ನಾವು ಕೇಳುವುದು ವಿಷ ಹೋಗಲಿ ಎಂದು, ವಿದ್ಯುತ್ ಬರಲಿ ಎಂದಲ್ಲ.

ಯಂತ್ರ ಬಂದೇ ಬರುತ್ತದೆಂದು ನಂಬಿದರೆ ಏನಾಗುತ್ತದೆ ಎಂಬುದು ಬೆಂಗಳೂರಿನ ಹೊರಗಿನ ಮಂಡೂರಿನವರಿಗೆ ಗೊತ್ತು. ಅಲ್ಲಿಯೂ ಕಸದಿಂದ ವಿದ್ಯುತ್ ಮಾಡುವ ಮಾತಿತ್ತು. ವಿದ್ಯುತ್ ಬರಲಿಲ್ಲ, ಲಾರಿಗಳು ಬಂದವು. ಗಬ್ಬು ನಾತ, ನೊಣ, ಕೆಟ್ಟ ನೀರು. 2014ರಲ್ಲಿ ಊರವರು ರಸ್ತೆಗಿಳಿದ ಮೇಲೆ, ಆ ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಈಗ ಬಿಡದಿಯಲ್ಲಿ ದಿನಕ್ಕೆ 600 ಟನ್ ಕಸದಿಂದ 11.5 ಮೆಗಾವಾಟ್ ತೆಗೆಯುವ ಲೆಕ್ಕದ ಸ್ಥಾವರವಿದೆ. ಅದು ಪ್ಲಾಸ್ಮಾ ಅಲ್ಲ, ಕಸ ಸುಡುವಂಥದ್ದು. ಆದರೆ ಅದಕ್ಕೂ ಬೇಕಾದ್ದು ಒಣ ಕಸವೇ.

ಹಾಗಾದರೆ ಹಸಿ ಕಸ? ನಿಮ್ಮ ಪಕ್ಕದ ಸ್ಯಾನ್ ಹೋಸೆಯಲ್ಲಿ 2013ರಲ್ಲಿ ಶುರುವಾದ ಘಟಕ ವರ್ಷಕ್ಕೆ 90,000 ಟನ್ ಹಸಿ ಕಸವನ್ನು ಗಾಳಿಯಾಡದಂತೆ ಕೊಳೆಸಿ ಅನಿಲ ತೆಗೆಯುವಂತೆ ಕಟ್ಟಿದ್ದು. ನಮ್ಮೂರ ಹಿತ್ತಿಲಿನ ಗೋಬರ್ ಗ್ಯಾಸ್ ಗುಂಡಿಗೆ ಅದು ದೊಡ್ಡಣ್ಣ, ಅಷ್ಟೆ! ಟಾರ್ಚಿಲ್ಲ, ಮಿಂಚಿಲ್ಲ, ಕೆಲಸವೆಲ್ಲ ಸೂಕ್ಷ್ಮಜೀವಿಗಳದ್ದು. ಕ್ಯಾಲಿಫೋರ್ನಿಯಾದಲ್ಲಿ ಅಡುಗೆಮನೆಯ ಕಸವನ್ನು ಬೇರೆಯಾಗಿ ಸಂಗ್ರಹಿಸಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ, ಬೆಳಿಗ್ಗೆ ಕಸದ ಆಟೋ ಮನೆ ಮುಂದೆ ನಿಂತರೆ ಒಮ್ಮೆ ಹೊರಗೆ ಬನ್ನಿ. ಹಸಿ ಎಷ್ಟು, ಒಣ ಎಷ್ಟು, ಬೆರಕೆ ಎಷ್ಟು ಎಂದು ಆಟೋದವರನ್ನೇ ಕೇಳಿ. ಅವರು ಹೇಳಿದ್ದನ್ನು ಬರೆದು ಕಳಿಸಿ. ಇನ್ನೊಂದು ಕಾರ್ಯಕ್ರಮದಲ್ಲಿ ಓದುತ್ತೇನೆ.