ಮೇಳ ಮುಗಿದ ಮೇಲೆ ಕೊಳ್ಳುವವರು ಯಾರು?



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳವರು ಸರಕು ಹೊತ್ತು ಬಂದಿರುವ ಈ ಮೇಳದ ದೀಪ ಬೆಳಗುವ ಮುನ್ನ ಮಳಿಗೆಗಳನ್ನೆಲ್ಲ ಒಂದು ಸುತ್ತು ಹಾಕಿ ಬಂದೆ. ಕೊಡಿಯಾಲದ ಸೀರೆ, ನಾಗಮಂಗಲದ ಹಿತ್ತಾಳೆ ಎರಕ, ಮೇಲುಕೋಟೆಯ ಪುಳಿಯೋಗರೆ ಗೊಜ್ಜು, ಆಲೆಮನೆಯ ಬೆಲ್ಲ. ಮಾಲಿಗೆ ಕೊರತೆಯಿಲ್ಲ. ಮೇಳ ಮುಗಿದ ಮೇಲೆ ಇದನ್ನು ಕೊಳ್ಳುವವರು ಯಾರು ಎಂಬುದೇ ನನ್ನ ಚಿಂತೆ. ಸಂತೆ ಕಳೆಗುಂದಿದರೂ, ಮಳೆ ಕೈಕೊಟ್ಟರೂ ಕೊಳ್ಳುವುದನ್ನು ನಿಲ್ಲಿಸದ ಗಿರಾಕಿ ಈ ನಾಲ್ಕೂ ತಾಲ್ಲೂಕುಗಳಲ್ಲಿದ್ದಾನೆ. ಅದು ಸರ್ಕಾರ. ಹಾಸ್ಟೆಲಿಗೆ ಹೊದಿಕೆ, ಶಾಲೆಗೆ ಬೆಂಚು, ಆಸ್ಪತ್ರೆಗೆ ಬಟ್ಟೆ ಒಗೆತ, ಪಂಚಾಯಿತಿಗೆ ಕಸದ ಗಾಡಿ, ಎಲ್ಲವೂ ಬೇಕು.

ಸರ್ಕಾರಕ್ಕೆ ಪೂರೈಕೆ ಮಾಡುವುದು ಹೆಣ್ಣುಮಕ್ಕಳಿಗೆ ಆಗದ ಕೆಲಸ ಎನ್ನುವವರಿಗೆ ಉತ್ತರ ನಮ್ಮಲ್ಲೇ ಇದೆ. ಅಂಗನವಾಡಿ ಆಹಾರದ ಪೂರೈಕೆಗೆ ಗುತ್ತಿಗೆದಾರರು ಬೇಡ, ಸ್ವಸಹಾಯ ಸಂಘಗಳಿಗೆ, ಮಹಿಳಾ ಮಂಡಳಿಗಳಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತು. ಇವತ್ತು ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರು ಒಡಂಬಡಿಕೆ ಮಾಡಿಕೊಂಡು ಕಸ ವಿಲೇವಾರಿ ನಡೆಸುತ್ತಿದ್ದಾರೆ. ಕಸದ ಗಾಡಿಯ ಸ್ಟೀರಿಂಗ್ ಹಿಡಿದಿರುವವರೂ ಅವರೇ.

ಕಾನೂನು ಎಲ್ಲಿಗೆ ಬಂದು ನಿಂತಿದೆ ಎಂಬುದು ನಿಮಗೆ ಗೊತ್ತಿರಬೇಕು. ಕೇಂದ್ರದ ಇಲಾಖೆಗಳು, ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಶೇ 25ರಷ್ಟನ್ನು ಕಿರು ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕು; ಅದರಲ್ಲಿ ಮಹಿಳೆಯರ ಘಟಕಗಳಿಗೆ ಶೇ 3 ಎಂದು 2018ರಲ್ಲಿ ಸೇರಿಸಿದರು. ನಮ್ಮ ರಾಜ್ಯದ 1999ರ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆಯಡಿ ಪರಿಶಿಷ್ಟರಿಗೆ ಗುತ್ತಿಗೆಯಲ್ಲಿ ಮೀಸಲಾತಿ ಬಂತು. 2025ರ ಮಾರ್ಚ್‌ನಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇ 4 ಕೊಡುವ ತಿದ್ದುಪಡಿಯನ್ನು ಶಾಸನಸಭೆ ಒಪ್ಪಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಯವರಿಗೆ ಕಾಯ್ದಿರಿಸಿದರು. ಕೇಂದ್ರದ ಆ ಶೇ 3ರಂಥ ಪಾಲು ನಮ್ಮ ತಾಲ್ಲೂಕು ಪಂಚಾಯಿತಿ, ಪುರಸಭೆಗಳ ಖರೀದಿಯಲ್ಲೂ ಹೆಣ್ಣುಮಕ್ಕಳಿಗೆ ಕಡ್ಡಾಯವಾಗಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಮೀಸಲಾತಿಯೊಂದೇ ಸಾಲದು. ಬಾಗಿಲು ಮುಚ್ಚುವುದು ಟೆಂಡರಿನ ಒಳಪುಟಗಳಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳಿ. ಜಿಲ್ಲೆಯ ಎಲ್ಲ ಹಾಸ್ಟೆಲುಗಳ ಹೊದಿಕೆಗೂ ಸೇರಿಸಿ ಒಂದೇ ಟೆಂಡರ್ ಕರೆದರು ಅನ್ನಿ. ಮೂರು ವರ್ಷದ ವಹಿವಾಟಿನ ಲೆಕ್ಕ ಕೊಡಿ, ಹಿಂದೆ ಇಷ್ಟೇ ಮೊತ್ತದ ಸರಬರಾಜು ಮಾಡಿದ ಪ್ರಮಾಣಪತ್ರ ತನ್ನಿ, ಠೇವಣಿ ಕಟ್ಟಿ ಎಂದರು. ಹತ್ತು ಮಗ್ಗದ ಸಂಘ ಅಲ್ಲಿಗೇ ಹಿಂದೆ ಸರಿಯುತ್ತದೆ. ಅದೇ ಕೆಲಸವನ್ನು ತಾಲ್ಲೂಕುವಾರು ಒಡೆದರೆ ಪಾಂಡವಪುರದ ಪಾಲನ್ನು ಪಾಂಡವಪುರದ ಸಂಘವೇ ಹೊರಬಲ್ಲದು. ನಾಗಮಂಗಲದ ವೆಲ್ಡಿಂಗ್ ಅಂಗಡಿಯ ಹುಡುಗ ಬೆಂಚಿನ ಚೌಕಟ್ಟನ್ನು ಯಾವ ದೊಡ್ಡ ಕಂಪನಿಗೂ ಕಡಿಮೆಯಿಲ್ಲದಂತೆ ಮಾಡಿಕೊಡುತ್ತಾನೆ. ಅವನಿಂದ ಹಳೆಯ ಪ್ರಮಾಣಪತ್ರ ಕೇಳಿದರೆ ಎಲ್ಲಿಂದ ತಂದಾನು? ಮೊದಲ ಅವಕಾಶವನ್ನೇ ನಾವು ಕೊಟ್ಟಿಲ್ಲವಲ್ಲ.

ಇನ್ನು ಬಿಲ್ಲು. ಸಾಲ ತಂದು ನೂಲು ಕೊಂಡ ಹೆಂಗಸು ಆರು ತಿಂಗಳು ಕಾಯಲಾರಳು. 2006ರ ಎಂಎಸ್‌ಎಂಇ ಕಾಯ್ದೆ ಕಿರು, ಸಣ್ಣ ಘಟಕಗಳಿಗೆ ಹಣ ಪಾವತಿಸಲು 45 ದಿನದ ಮಿತಿ ಹಾಕಿದೆ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕು. ಇಲ್ಲಿ ಕುಳಿತಿರುವ ಅಧಿಕಾರಿಗಳಲ್ಲಿ ಕೈಮುಗಿದು ಕೇಳುತ್ತೇನೆ: ಟೆಂಡರನ್ನು ಸಣ್ಣದಾಗಿ ಒಡೆಯಿರಿ, ಪ್ರಕಟಣೆಯನ್ನು ಒಕ್ಕೂಟದ ಸಭೆಯಲ್ಲಿ ಓದಿ ಹೇಳಿಸಿ, ಬಿಲ್ಲನ್ನು ಮೇಜಿನ ಮೇಲೆ ಕೊಳೆಸಬೇಡಿ.

ಮಳಿಗೆದಾರರಿಗೂ ಒಂದು ಮಾತು. ಕಿರು, ಸಣ್ಣ ಘಟಕವೆಂದು ಗುರುತಿಸುವ ಉದ್ಯಮ್ ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ. ಆಧಾರ್, ಪ್ಯಾನ್ ಇದ್ದರಾಯಿತು. ಯಾರಾದರೂ ಮಧ್ಯವರ್ತಿ ದುಡ್ಡು ಕೇಳಿದರೆ ಕೊಡಬೇಡಿ. ನೋಂದಣಿ ಆದ ಮೇಲೆ ರಾಜ್ಯದ ಖರೀದಿ ಪೋರ್ಟಲ್‌ಗೆ, ಕೇಂದ್ರದ ಖರೀದಿ ಪೋರ್ಟಲ್ ಆದ ಜೆಮ್‌ಗೆ ಹೆಸರು ಸೇರಿಸಿ. ಮೊದಲ ಟೆಂಡರ್ ಕೈತಪ್ಪಿದರೆ ಯಾಕೆ ತಪ್ಪಿತೆಂದು ಬರವಣಿಗೆಯಲ್ಲಿ ಕೇಳಿ. ಎರಡನೆಯದಕ್ಕೂ ಹಾಕಿ.

ಮೇಳವನ್ನು ಉದ್ಘಾಟಿಸಿದ್ದೇನೆ. ನೋಂದಣಿ ಇನ್ನೂ ಆಗದವರು ಇವತ್ತೇ ಮಾಡಿಸಿಕೊಂಡು ಊರಿಗೆ ಹೊರಡಿ.