ಹೊಣೆ ಒಬ್ಬರದಲ್ಲ



ಆಡಿಕೊಂಡಿದ್ದ ಮಗುವಿಗೆ ಎರಡರಿಂದ ನಾಲ್ಕು ವರ್ಷದೊಳಗೆ ಮೂರ್ಛೆ ಬರತೊಡಗುವುದು. ಕಲಿತ ಮಾತು ಮರೆಯುವುದು, ನಡಿಗೆ ತಡವರಿಸುವುದು, ಬರಬರುತ್ತ ದೃಷ್ಟಿಯೂ ಕುಂದುವುದು. ಸಿಎಲ್‌ಎನ್2 ಎಂಬ ಈ ಕಾಯಿಲೆ ಬಹು ಅಪರೂಪ. ಗ್ರಹಚಾರವೆಂದೋ ಸೊಸೆಯ ಕಾಲ್ಗುಣವೆಂದೋ ಜರಿಯುವ ಮುನ್ನ ಅದರ ಕಾರಣವನ್ನು ತಿಳಿಯಿರಿ.

ಜೀವಕೋಶಗಳಲ್ಲಿ ಸವೆದ ಪ್ರೋಟೀನುಗಳನ್ನು ತುಂಡರಿಸುವ ಕಿಣ್ವಗಳಿವೆ. ಅಂತಹ ಒಂದು ಕಿಣ್ವವನ್ನು ತಯಾರಿಸುವ ಸೂಚನೆ ಟಿಪಿಪಿ1 ಎಂಬ ವಂಶವಾಹಿಯಲ್ಲಿದೆ. ವಂಶವಾಹಿ ಕೆಟ್ಟು ಕಿಣ್ವ ಇಲ್ಲವಾದಾಗ ಮಿದುಳಿನ ಜೀವಕೋಶಗಳಲ್ಲಿ ತ್ಯಾಜ್ಯ ಶೇಖರವಾಗಿ ಅವು ನಶಿಸುತ್ತವೆ. ವಿಜ್ಞಾನಿಗಳು ಇದನ್ನು 1997ರಲ್ಲಿ ಕಂಡುಹಿಡಿದರು.

ಈ ವಂಶವಾಹಿಯ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲಿಯೂ ಇರುತ್ತವೆ. ಒಂದು ಮಾತ್ರ ಕೆಟ್ಟಿದ್ದರೆ ಈ ಕಾಯಿಲೆ ಬಾರದು. ಆದರೆ ತಂದೆತಾಯಿಗಳಿಬ್ಬರಲ್ಲಿಯೂ ಒಂದೊಂದು ಕೆಟ್ಟ ಪ್ರತಿಯಿದ್ದಲ್ಲಿ, ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವವುಂಟು. ಆದುದರಿಂದ ತಾಯಿಯೊಬ್ಬಳನ್ನೇ ದೂರುವುದು ಸರಿಯಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವಂತಹ ರಕ್ತಸಂಬಂಧದ ವಿವಾಹಗಳಲ್ಲಿ ಇಬ್ಬರಲ್ಲಿಯೂ ಒಂದೇ ದೋಷವಿರುವ ಸಂಭವ ಹೆಚ್ಚು.

ಮೂರ್ಛೆಯೆಲ್ಲವೂ ಈ ಕಾಯಿಲೆಯಲ್ಲ. ಆದರೂ ಮೂರ್ಛೆಯೊಡನೆ ಮಾತು ಹಿಂದುಳಿದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಅವರು ದೊಡ್ಡ ಆಸ್ಪತ್ರೆಗೆ ಕಳುಹಿಸಿಕೊಡುವರು. ರಕ್ತಪರೀಕ್ಷೆಯಿಂದ ಕಾಯಿಲೆಯನ್ನು ಗುರುತಿಸಬಹುದು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧವೊಂದು ನಡಿಗೆಯ ಶಕ್ತಿ ಕುಂದುವುದನ್ನು ನಿಧಾನಗೊಳಿಸುತ್ತದೆ, ಪೂರ್ಣವಾಗಿ ಗುಣಪಡಿಸದು.

ಒಂದು ಮಗುವಿಗೆ ಈ ಕಾಯಿಲೆ ಬಂದಿದ್ದಲ್ಲಿ, ಮುಂದಿನ ಬಸಿರಿಗೆ ಮುನ್ನವೇ ಪತಿಪತ್ನಿಯರಿಬ್ಬರೂ ಕೂಡಿ ವೈದ್ಯರ ಸಲಹೆ ಪಡೆಯಿರಿ.